ತಪ್ಪಿದ ಪಾಳಿಯ ಕೂಲಿ ಯಾರು ಕೊಡಬೇಕು?

ಆಟ ಆಡುವವನು ದುಡ್ಡು ಕೇಳಬಾರದು, ಕೇಳಿದರೆ ಆಟದ ಮರ್ಯಾದೆ ಹೋಗುತ್ತದೆ ಎಂಬ ಮಾತನ್ನು ನಾವು ಬಸವಕಲ್ಯಾಣದಲ್ಲಿಯೂ ಕೇಳಿದ್ದೇವೆ, ಹುಮನಾಬಾದಿನಲ್ಲಿಯೂ ಕೇಳಿದ್ದೇವೆ. ಹೇಳುವವರು ಯಾರು? ಜಾತ್ರೆಯ ಕುಸ್ತಿಗೆ ವರ್ಗಣಿ ಎತ್ತುವವರು. ಗೆದ್ದ ಪೈಲವಾನನ ತಲೆಗೆ ಫೇಟಾ ಸುತ್ತಿ, ಅವನ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡು, ಆ ಫೋಟೋವನ್ನು ಮುಂದಿನ ಚುನಾವಣೆಯ ತನಕ ಬ್ಯಾನರಿನಲ್ಲಿ ತೂಗುಹಾಕುವವರು. ಇದೇ ಮಹನೀಯರು ಸಾಯಂಕಾಲ ಟೀವಿಯ ಮುಂದೆ ಕುಳಿತು, ಯಾವ ಕಬಡ್ಡಿ ಆಟಗಾರ ಎಷ್ಟು ಕೋಟಿಗೆ ಹರಾಜಾದನೆಂದು ಬಾಯಿ ಚಪ್ಪರಿಸುತ್ತಾರೆ. ಬೆಳಿಗ್ಗೆ ದುಡ್ಡು ಆಟಕ್ಕೆ ಮೈಲಿಗೆ, ಸಂಜೆ ದುಡ್ಡೇ ಆಟದ ಬೆಲೆ!

ಒಂದೇ ಬಾಯಿಂದ ಎರಡು ಮಾತು ಬರುವುದು ಹೇಗೆಂದು ನಾವು ಬಹಳ ದಿನ ಯೋಚಿಸಿದ್ದೇವೆ. ಗುಟ್ಟು ದೊಡ್ಡದೇನಲ್ಲ. ಎರಡು ಮಾತಿನಲ್ಲಿಯೂ ಆಟಗಾರನು ದುಡಿಯುವ ಮನುಷ್ಯನಲ್ಲ. ಮೊದಲನೆಯದರಲ್ಲಿ ಅವನು ಭಕ್ತ, ಎರಡನೆಯದರಲ್ಲಿ ಸಂತೆಯ ಎತ್ತು. ಭಕ್ತನಿಗೆ ಪಗಾರ ಬೇಡ, ಎತ್ತಿಗೆ ಹಕ್ಕಿಲ್ಲ. ನಾವು ಹೇಳುವುದೇನೆಂದರೆ, ಆಟಗಾರನು ಮೈ ಸವೆಸಿ ದುಡಿಯುವ ಕೂಲಿಕಾರ. ಆಟಕ್ಕಾಗಿ ತಪ್ಪಿದ ಪಾಳಿಯ ಕೂಲಿ, ಆಟದಲ್ಲಿ ಮುರಿದ ಮೂಳೆಯ ಪರಿಹಾರ, ಆಟ ಮುಗಿದ ಮೇಲಿನ ಅನ್ನ, ಇವು ಅವನಿಗೆ ಬರಬೇಕಾದ ಬಾಕಿ. ಯಾರೂ ಕೈಯೆತ್ತಿ ಕೊಡುವ ಬಕ್ಷೀಸಲ್ಲ.

ಇದನ್ನು ವಾದಿಸಲು ನಾವು ಈ ವಾರ ಒಂದು ಪರದೇಶದ ಆಟವನ್ನು ಎತ್ತಿಕೊಂಡಿದ್ದೇವೆ. 2025ರ ಜೂನ್ ತಿಂಗಳಲ್ಲಿ ಮುಂಬಯಿಯ ಅಂಧೇರಿ ಮೈದಾನದಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿ ಮೊದಲ ಸಲ ನಡೆಯಿತು. ಆರು ತಂಡಗಳು. ಒಂದು ತಂಡಕ್ಕೆ ನಮ್ಮ ರಾಜಧಾನಿಯ ಹೆಸರಿಟ್ಟು ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂದು ಕರೆದರು. ಪಂದ್ಯಾವಳಿಯ ಹೆಸರಿನ ಮುಂದೆ ಕಟ್ಟಿದ್ದು ವಿಮಾನ ನಿಲ್ದಾಣಗಳನ್ನು ನಡೆಸುವ ಜಿ.ಎಂ.ಆರ್. ಕಂಪನಿಯ ಹೆಸರು. ಕಪ್ಪು ಚೆನ್ನೈಗೆ ಹೋಯಿತು. ಇಂದಲ್ಲ ನಾಳೆ ಈ ಆಟವೂ ಕಬಡ್ಡಿಯ ಹಾಗೆ ನಮ್ಮ ಹಳ್ಳಿಯ ಹುಡುಗರನ್ನು ಹುಡುಕಿಕೊಂಡು ಬರುತ್ತದೆ. ಬರುವ ಮೊದಲೇ ಅದರ ಲೆಕ್ಕಪತ್ರ ನೋಡಿಡುವುದು ಒಳ್ಳೆಯದು.

ಆಟ ಹೇಗೆಂದು ತಿಳಿಯದವರಿಗೆ ನಾಲ್ಕು ಮಾತು. ಚೆಂಡು ಮೊಟ್ಟೆಯ ಹಾಗೆ ನೀಳವಾಗಿರುತ್ತದೆ. ಕೈಯಲ್ಲಿ ಹಿಡಿದು ಓಡಬಹುದು. ಸಂಗಡಿಗನಿಗೆ ಎಸೆಯುವುದಾದರೆ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ಟ್ರೈ ಎನ್ನುತ್ತಾರೆ, ಇಂದಿನ ಲೆಕ್ಕದಲ್ಲಿ 5 ಅಂಕ. ಮುಂಬಯಿಯಲ್ಲಿ ನಡೆದದ್ದು ಏಳೇಳು ಜನರ ಚಿಕ್ಕ ಆಟ. ದೊಡ್ಡ ಆಟದಲ್ಲಿ ಒಂದೊಂದು ಕಡೆ 15 ಜನ. ಅದರಲ್ಲಿ ಎಂಟು ಜನ ದಡಿಯರು ಭುಜಕ್ಕೆ ಭುಜ ಕೊಟ್ಟು ನೂಕಾಡಿ ಚೆಂಡು ಗಳಿಸುತ್ತಾರೆ. ಅದು ಕೈಯಿಂದ ಕೈಗೆ ದಾಟಿ ಮೈದಾನದ ಅಂಚಿನಲ್ಲಿ ನಿಂತವನನ್ನು ಮುಟ್ಟುತ್ತದೆ. ಎಡದವನ ಅಂಗಿಯ ಮೇಲೆ 11, ಬಲದವನದು 14. ಇವರೇ ವಿಂಗರುಗಳು. ಚೆಂಡು ಕೈಗೆ ಬಂದ ಮೇಲೆ ಇವರಿಗೆ ಕೆಲಸ ಒಂದೇ: ಓಡುವುದು. ಕಬಡ್ಡಿಯಲ್ಲಿ ದಾಳಿಗೆ ಹೋಗುವವನನ್ನು ನೆನೆಸಿಕೊಳ್ಳಿರಿ. ಚಪ್ಪಾಳೆಯೂ ಅವನಿಗೇ, ಮೊಣಕಾಲಿನ ಪೆಟ್ಟೂ ಅವನಿಗೇ.

ನಮ್ಮ ಸಂಗಾತಿಗಳಲ್ಲಿಯೇ ಒಬ್ಬರು, ಇದು ಇಂಗ್ಲಿಷ್ ದೊರೆಗಳ ಆಟ, ಸಮಾಜವಾದಿ ಪತ್ರಿಕೆಗೆ ಇದರ ಗೊಡವೆ ಏತಕ್ಕೆ ಎಂದು ಕೇಳಿದರು. ದೊರೆಗಳ ಆಟವೆಂಬುದು ಅರ್ಧ ನಿಜ. ಕಲಕತ್ತೆಯಲ್ಲಿ ಬಿಳಿಯರು ರಗ್ಬಿಯ ಕ್ಲಬ್ಬೊಂದನ್ನು ಕಟ್ಟಿದ್ದರು. ಅಲ್ಲಿ ಪುಕ್ಕಟೆ ಮದ್ಯ ಸಿಗುವ ತನಕ ಸದಸ್ಯರಿದ್ದರು. ಅದು ನಿಂತ ಮೇಲೆ ಅವರೂ ಕರಗಿದರು. 1878ರಲ್ಲಿ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿಗಳನ್ನು ತೆಗೆದು, ಕರಗಿಸಿ, ಹಾವಿನ ಹಿಡಿಕೆ, ಆನೆಯ ಮುಚ್ಚಳವಿರುವ ಒಂದು ಕಪ್ಪು ಮಾಡಿಸಿ ಇಂಗ್ಲೆಂಡಿಗೆ ಕಳಿಸಿಕೊಟ್ಟರು. 1879ರಿಂದ ಇಂಗ್ಲೆಂಡು, ಸ್ಕಾಟ್ಲೆಂಡುಗಳು ಆಡುತ್ತ ಬಂದಿರುವುದು ಆ ಕಲಕತ್ತಾ ಕಪ್ಪಿಗಾಗಿಯೇ. 1876ರಿಂದ 1878ರ ತನಕ ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿಯೂ ಮದ್ರಾಸು, ಮುಂಬಯಿ ಪ್ರಾಂತಗಳಲ್ಲಿಯೂ ಏನು ನಡೆದಿತ್ತೆಂಬುದನ್ನು ಧಾತು ಬರದ ಕತೆ ಕೇಳಿದ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹೇಳಿದ್ದಾರೆ. ಜನ ಹಿಡಿ ಜೋಳಕ್ಕೆ ಸಾಯುತ್ತಿದ್ದ ವರುಷಗಳಲ್ಲಿಯೇ ಆ ರೂಪಾಯಿಗಳು ಕಪ್ಪಾದವು.

ಇನ್ನರ್ಧ ನಿಜ ಬೇರೆ ಇದೆ. ಅದನ್ನು ದೊರೆಗಳು ಹೇಳುವುದಿಲ್ಲ. ಇಂಗ್ಲೆಂಡಿನ ಉತ್ತರದಲ್ಲಿ, ಯಾರ್ಕ್‌ಶೈರ್, ಲಂಕಾಶೈರ್ ಸೀಮೆಗಳಲ್ಲಿ, ಈ ಆಟವನ್ನು ಗಿರಣಿ ಕಾಮಗಾರರೂ ಕಲ್ಲಿದ್ದಲ ಗಣಿಯವರೂ ತಮ್ಮದಾಗಿ ಮಾಡಿಕೊಂಡರು. ಅವರಿಗೆ ಶನಿವಾರವೂ ಅರ್ಧ ದಿನ ಕೆಲಸ. ಪಂದ್ಯಕ್ಕೆ ಹೋದರೆ ಪಾಳಿ ತಪ್ಪುತ್ತಿತ್ತು, ಪಾಳಿ ತಪ್ಪಿದರೆ ಕೂಲಿ ಇಲ್ಲ. ದಕ್ಷಿಣದ ವಕೀಲ, ಡಾಕ್ಟರ, ಜಮೀನುದಾರರ ಮಕ್ಕಳಿಗೆ ಈ ತೊಂದರೆ ಎಲ್ಲಿಯದು? ಉತ್ತರದ ಕ್ಲಬ್ಬುಗಳು ಬೇಡಿದ್ದು ಪಗಾರವನ್ನಲ್ಲ. ತಪ್ಪಿದ ಪಾಳಿಯ ಕೂಲಿಯಷ್ಟನ್ನೇ. 1893ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ಈ ಬೇಡಿಕೆಯನ್ನು 136ಕ್ಕೆ ಪ್ರತಿಯಾಗಿ 282 ಮತಗಳಿಂದ ತಳ್ಳಿಹಾಕಿದರು. ಕಾರಣ ಏನು ಕೊಟ್ಟರು ಗೊತ್ತೇ? ಆಟ ಆಡುವವನು ದುಡ್ಡು ಮುಟ್ಟಿದರೆ ಆಟದ ಪಾವಿತ್ರ್ಯ ಕೆಡುತ್ತದೆ! ನಮ್ಮ ಜಾತ್ರೆಯ ಕಮಿಟಿಯವರು ಲಂಡನ್ನಿಗೆ ಹೋಗಿ ಕಲಿತು ಬಂದವರಲ್ಲ, ಆದರೂ ಪಾಠ ಒಂದೇ.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಎಂಬ ಗಿರಣಿ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ತಮ್ಮದೇ ಬೇರೆ ಸಂಘ ಕಟ್ಟಿದವು. ತಪ್ಪಿದ ದಿನಕ್ಕೆ 6 ಶಿಲ್ಲಿಂಗು ಎಂದು ಗೊತ್ತುಮಾಡಿಕೊಂಡವು. ಅಂದಿನಿಂದ ಆಟ ಎರಡಾಯಿತು. ದುಡ್ಡು ಕೊಡುವವರದು ರಗ್ಬಿ ಲೀಗ್, ಕೊಡದವರದು ರಗ್ಬಿ ಯೂನಿಯನ್. ಲೀಗಿಗೆ ಹೋಗಿ ಕೂಲಿ ಪಡೆದವನಿಗೆ ಯೂನಿಯನ್ನಿನ ಬಾಗಿಲು ಜೀವಮಾನವಿಡೀ ಬಂದ್. ಜಾತಿಯಿಂದ ಹೊರಹಾಕುವುದು ನಮ್ಮಲ್ಲಿ ಮಾತ್ರ ಇದೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ಈ ಬಹಿಷ್ಕಾರದ ಬಿಸಿ ತಟ್ಟಿದ ವಿಂಗರನೊಬ್ಬನ ಹೆಸರು ಬಿಲ್ಲಿ ಬಾಸ್ಟನ್. 1934ರಲ್ಲಿ ವೇಲ್ಸಿನ ಕಾರ್ಡಿಫ್ ಬಂದರಿನ ಬಡ ಓಣಿಯಾದ ಟೈಗರ್ ಬೇ ಎಂಬಲ್ಲಿ ಹುಟ್ಟಿದವನು. ತಂದೆ ಆಫ್ರಿಕದ ಸಿಯೆರಾ ಲಿಯೋನಿನಿಂದ ಬಂದವನು. ಹುಡುಗನಿಗೆ ತನ್ನ ಊರಿನ ದೊಡ್ಡ ಕ್ಲಬ್ಬಿಗೂ ವೇಲ್ಸ್ ದೇಶಕ್ಕೂ ಆಡುವ ಆಸೆ. ಕಪ್ಪು ಮೈಯ ಹುಡುಗನನ್ನು ಆ ಕ್ಲಬ್ಬು ಕರೆಯಲಿಲ್ಲ. 1953ರಲ್ಲಿ ಉತ್ತರದ ವಿಗನ್ ಊರಿನ ಲೀಗ್ ಕ್ಲಬ್ಬು ಅವನ ಮನೆಗೇ ಬಂದು ಮೇಜಿನ ಮೇಲೆ ನೋಟು ಹರಡಿತಂತೆ. ತಾಯಿ, ಇದರ ಎರಡರಷ್ಟು ಕೊಟ್ಟರೆ ನೋಡೋಣ ಎಂದಳಂತೆ, ಅಷ್ಟಾದರೆ ಬಿಟ್ಟು ಹೋಗುತ್ತಾರೆಂದು. ಅವರು ಎರಡರಷ್ಟು, ಅಂದರೆ 3,000 ಪೌಂಡು, ಇಟ್ಟೇಬಿಟ್ಟರು. ಹುಡುಗ ಹೊರಟ. ಒಟ್ಟು 571 ಟ್ರೈ ಗಳಿಸಿದ. 1954ರಲ್ಲಿ ಬ್ರಿಟನ್ನಿನ ತಂಡದಲ್ಲಿ ಆಸ್ಟ್ರೇಲಿಯಕ್ಕೆ ಹೋದ. 1957ರಲ್ಲಿ ಅದೇ ತಂಡ ದಕ್ಷಿಣ ಆಫ್ರಿಕದಲ್ಲಿ ಪ್ರದರ್ಶನ ಪಂದ್ಯ ಆಡಲು ಹೋದಾಗ ವರ್ಣಭೇದದ ದೆಸೆಯಿಂದ ಅವನು ಹೋಗುವಂತಿರಲಿಲ್ಲ. ಹುಟ್ಟಿದ ಊರಿನವರು 2023ರಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ರಾಜ 2025ರಲ್ಲಿ, ಅವನ 90ನೆಯ ವಯಸ್ಸಿನಲ್ಲಿ, ಸರ್ ಪದವಿ ಕೊಟ್ಟ. ಲೀಗ್ ಆಡಿದವನಿಗೆ ಆ ಪದವಿ ಸಿಕ್ಕದ್ದು ಅದೇ ಮೊದಲು. ಕೂಲಿಕಾರರ ಆಟಕ್ಕೆ ಅರಮನೆಯ ಬಾಗಿಲು ತೆರೆಯಲು 130 ವರುಷ ಹಿಡಿಯಿತೆಂದಾಯಿತು.

ಅಷ್ಟರಲ್ಲಿ ದುಡ್ಡು ಮುಟ್ಟದ ಯೂನಿಯನ್ನಿನ ಪಾವಿತ್ರ್ಯ ಏನಾಯಿತು? ಅದನ್ನು ಕೇಳಿರಿ. 1995ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ಪು. ನ್ಯೂಜಿಲೆಂಡಿನ ಪರವಾಗಿ 11ನೆಯ ಅಂಗಿಯಲ್ಲಿ ಜೋನಾ ಲೋಮು ಎಂಬ 20 ವಯಸ್ಸಿನ ಹುಡುಗ. ತಂದೆತಾಯಿ ಟೋಂಗಾ ದ್ವೀಪದಿಂದ ಬಂದ ಬಡವರು. ಬೆಳೆದದ್ದು ಆಕ್ಲೆಂಡಿನ ದಕ್ಷಿಣ ಭಾಗದ ಕಾಮಗಾರರ ಕೇರಿಯಲ್ಲಿ. ಜೂನ್ 18ರಂದು ಕೇಪ್‌ಟೌನಿನ ಉಪಾಂತ್ಯ ಪಂದ್ಯದಲ್ಲಿ ಅವನು ಇಂಗ್ಲೆಂಡಿನ ಮೇಲೆ ನಾಲ್ಕು ಟ್ರೈ ಹೊಡೆದ. ಅಡ್ಡ ಬಂದವನನ್ನು ಬಳಸಿ ಹೋಗುವ ಗೋಜಿಗೂ ಹೋಗದೆ ಅವನ ಮೈಮೇಲಿಂದಲೇ ಓಡಿದ. ಜಗತ್ತು ಟೀವಿಯಲ್ಲಿ ನೋಡಿತು. ಜೂನ್ 23ರಂದು, ಅಂದರೆ ಐದೇ ದಿನಕ್ಕೆ, ದಕ್ಷಿಣ ಆಫ್ರಿಕ, ನ್ಯೂಜಿಲೆಂಡು, ಆಸ್ಟ್ರೇಲಿಯದ ಸಂಘಗಳು ಮರ್ಡೋಕ್ ಧಣಿಯ ಕಂಪನಿಗೆ ಹತ್ತು ವರುಷದ ಟೀವಿ ಹಕ್ಕನ್ನು ಸುಮಾರು 55 ಕೋಟಿ ಡಾಲರಿಗೆ ಮಾರಿದ ಸುದ್ದಿ ಹೊರಬಂತು. ಆ ದಿನವೂ ನಿಯಮದ ಪ್ರಕಾರ ಆಟಗಾರನು ಆಡಿದ್ದಕ್ಕೆ ಕೂಲಿ ಪಡೆಯುವಂತಿರಲಿಲ್ಲ! ಸಂಘಕ್ಕೆ ಕೋಟಿ ಮೈಲಿಗೆಯಲ್ಲ, ಓಡಿದ ಹುಡುಗನಿಗೆ ಬಿಡಿಗಾಸೂ ಮೈಲಿಗೆ. ಆಗಸ್ಟ್ 26ಕ್ಕೆ ಪ್ಯಾರಿಸಿನಲ್ಲಿ ಕೂತು ಆ ನಿಯಮವನ್ನು ಕಿತ್ತುಹಾಕಿದರು. ಹಡರ್ಸ್‌ಫೀಲ್ಡಿನ ಸಭೆಗೆ ನೂರು ವರುಷ ತುಂಬಲು ಮೂರು ದಿನ ಉಳಿದಿತ್ತು. ಗಣಿಯವರು ನೂರು ವರುಷ ಬೇಡಿದರೂ ಕದಲದ ಪಾವಿತ್ರ್ಯ ಟೀವಿ ಧಣಿಯ ಚೆಕ್ಕಿನ ಮುಂದೆ ಮೂರು ತಿಂಗಳು ನಿಲ್ಲಲಿಲ್ಲ.

ಅಲ್ಲಿಗೆ ಪಗಾರ ಪಡೆಯುವ ಯೂನಿಯನ್ ವಿಂಗರನ ಬಾಳುವೆ ಶುರುವಾಯಿತು. ಲೋಮುವಿನದನ್ನೇ ಮುಂದೆ ನೋಡಿದರೆ, ಅದೇ ಸುಮಾರಿಗೆ ಅವನ ಮೂತ್ರಪಿಂಡಕ್ಕೆ ಕಠಿಣ ರೋಗವೆಂದು ತಿಳಿಯಿತು. ರೋಗದೊಡನೆಯೇ ಓಡಿದ. 1999ರ ವಿಶ್ವಕಪ್ಪಿನಲ್ಲಿ 8 ಟ್ರೈ. ದೇಶದ ಪರವಾಗಿ ಒಟ್ಟು 63 ಪಂದ್ಯ, 37 ಟ್ರೈ. 2002ರ ಮೇಲೆ ದೇಶಕ್ಕೆ ಆಡಲಾಗಲಿಲ್ಲ. 2003ರಲ್ಲಿ ರಕ್ತ ತೊಳೆಸುವ ಯಂತ್ರಕ್ಕೆ ಬಿದ್ದ. 2004ರಲ್ಲಿ ಸ್ನೇಹಿತನೊಬ್ಬ ಮೂತ್ರಪಿಂಡ ದಾನ ಮಾಡಿದ. 2005ರಲ್ಲಿ ಮತ್ತೆ ಅಂಗಿ ತೊಟ್ಟು ಆಡಲು ಹೋದದ್ದು ಎಲ್ಲಿಗೆಂದರೆ, ಬಾಸ್ಟನ್ನನನ್ನು ಕರೆಯದಿದ್ದ ಅದೇ ಕಾರ್ಡಿಫಿಗೆ. 2015ರ ನವೆಂಬರ್ 18ರಂದು 40ನೆಯ ವಯಸ್ಸಿನಲ್ಲಿ ತೀರಿಕೊಂಡ. ತೀರಿಕೊಂಡ ಮೇಲೆ ಅವನ ಇಬ್ಬರು ಚಿಕ್ಕ ಮಕ್ಕಳ ಸಲುವಾಗಿ ನಿಧಿ ಕೂಡಿಸಲು ಆಟಗಾರರ ಸಂಘವೇ ಮುಂದೆ ಬಂದು ಟ್ರಸ್ಟು ಕಟ್ಟಬೇಕಾಯಿತು. ಆ ಆಟದ ಇತಿಹಾಸದಲ್ಲಿಯೇ ಅತಿ ದೊಡ್ಡ ಹೆಸರು ಅವನದು. ಹೆಸರಿಲ್ಲದವರ ಪಾಡೇನೆಂದು ಓದುಗರೇ ಊಹಿಸಿಕೊಳ್ಳಲಿ. ಒಂದು ಮಾತು ಮಾತ್ರ ಹೇಳಬೇಕು: ಮುಂದೆ ಬಂದದ್ದು ಆಟಗಾರರ ಸಂಘ. ಆ ದೇಶದಲ್ಲಿ ಅಂಥದೊಂದು ಸಂಘ ಇತ್ತು.

ದೊಡ್ಡ ಪಗಾರ ಬಂದರೆ ಎಲ್ಲ ಸರಿಹೋಯಿತೆನ್ನುವವರು ಇಂಗ್ಲೆಂಡಿನ ಮುಂದಿನ ಕತೆಯನ್ನೂ ಓದಬೇಕು. 2022ರ ಒಂದೇ ಶರತ್ಕಾಲದಲ್ಲಿ ವೂಸ್ಟರ್, ವಾಸ್ಪ್ಸ್ ಎಂಬ ಎರಡು ದೊಡ್ಡ ಕ್ಲಬ್ಬುಗಳು ಸಾಲದಲ್ಲಿ ಮುಳುಗಿದವು. 2023ರಲ್ಲಿ ಲಂಡನ್ ಐರಿಶ್ ಅದೇ ಹಾದಿ ಹಿಡಿಯಿತು. ಆಟಗಾರರೊಡನೆ ಹುಲ್ಲು ಕತ್ತರಿಸುವವರೂ ಟಿಕೇಟು ಹರಿಯುವವರೂ ಬೀದಿಗೆ ಬಿದ್ದರು. 2003ರಲ್ಲಿ ವಿಶ್ವಕಪ್ಪು ಗೆದ್ದ ಇಂಗ್ಲೆಂಡು ತಂಡದ ಸ್ಟೀವ್ ಥಾಂಪ್ಸನ್ ತನಗೆ 42ನೆಯ ವಯಸ್ಸಿನಲ್ಲಿಯೇ ಮರೆವಿನ ರೋಗ ಬಂದಿದೆಯೆಂದೂ ಕಪ್ಪು ಗೆದ್ದ ದಿನದ ನೆನಪೇ ಉಳಿದಿಲ್ಲವೆಂದೂ 2020ರಲ್ಲಿ ಹೇಳಿದ. ತಲೆಗೆ ಬಿದ್ದ ಪೆಟ್ಟುಗಳೇ ಕಾರಣವೆಂದು ಅವನೂ ಸಂಗಡಿಗರೂ ಆಟದ ಸಂಸ್ಥೆಗಳ ಮೇಲೆ ದಾವೆ ಹೂಡಿದರು.

ಈಗ ನಮ್ಮ ಅಂಗಳಕ್ಕೆ ಬರೋಣ. ಕಬಡ್ಡಿಯ ಲೀಗು 2014ರಲ್ಲಿ ಆರಂಭವಾದಾಗ ಹರಾಜಿನ ಅತಿ ದೊಡ್ಡ ಕೂಗು 12 ಲಕ್ಷ 80 ಸಾವಿರ ರೂಪಾಯಿ. 2023ರಲ್ಲಿ ಪವನ್ ಸೆಹ್ರಾವತ್ ಎಂಬ ದಾಳಿಗಾರನಿಗೆ ಕೂಗಿದ್ದು 2 ಕೋಟಿ 60 ಲಕ್ಷ 50 ಸಾವಿರ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ಪು ಗೆದ್ದದ್ದು ಇವನ ಕಾಲಿನ ಬಲದಿಂದಲೇ. ಅವನ ದುಡಿಮೆಗೆ ಅದು ಹೆಚ್ಚೆಂದು ನಾವು ಹೇಳುವುದಿಲ್ಲ. ಆದರೆ ನೋಡಿರಿ: 2022ರಲ್ಲಿ 2 ಕೋಟಿ 26 ಲಕ್ಷಕ್ಕೆ ಚೆನ್ನೈ ಕಡೆಯವರು ಕೊಂಡುಕೊಂಡಾಗ, ಮೊದಲನೆಯ ಪಂದ್ಯದಲ್ಲಿಯೇ ಮೊಣಕಾಲು ತಿರುಚಿ ಅವನನ್ನು ಎತ್ತಿಕೊಂಡು ಹೋಗಬೇಕಾಯಿತು. ಆ ಹಂಗಾಮು ಪೂರ್ತಿ ಹೋಯಿತು. ಹೆಸರಿದ್ದವನಾದ್ದರಿಂದ ಕಾಲು ಕೂಡಿತು, ಮರುವರುಷ ಮತ್ತೆ ಹರಾಜಿಗೆ ನಿಂತ. ಅದೇ ಮೊಣಕಾಲು ಹುಮನಾಬಾದ ತಾಲೂಕಿನ ಹುಡುಗನದಾಗಿದ್ದರೆ? ನೆಲವೋ ಕಲ್ಲುನೆಲ; ಕಾಲಿಗೆ ಬೂಟಿಲ್ಲ. ಗಾಯವಾದರೆ ಅರಿಸಿನ ಹಚ್ಚಿ ಬಟ್ಟೆ ಕಟ್ಟುತ್ತಾರೆ, ಕಮಿಟಿಯವರು ತೆಂಗಿನಕಾಯಿ ಕೈಗಿಟ್ಟು ಬಸ್ಸು ಹತ್ತಿಸುತ್ತಾರೆ. ಮರುದಿನದಿಂದ ಅವನ ಕೂಲಿ ನಿಂತಿತು.

ನಮ್ಮ ಕಡೆಯ ಆಟಗಾರನು ಯಾರು? ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಯ ಬಾಡಿಗೆ ವೆಲ್ಡಿಂಗ್ ಮಾಡುವವನು; ಹುಮನಾಬಾದಿನ ಕೆಮಿಕಲ್ ಕಾರಖಾನೆಯಲ್ಲಿ ಗುತ್ತೇದಾರನ ಕೈಕೆಳಗೆ ಪಾಳಿ ಮಾಡುವವನು; ತಾಂಡಾದಿಂದ ಹೊರಟು ಕಬ್ಬು ಕಡಿಯುವ ಟೋಳಿಯಲ್ಲಿ ಮುಕಾದಮನ ಉಚಲಿಗೆ ಕಟ್ಟುಬಿದ್ದವನು. ದಸರಾ ಕ್ರೀಡಾಕೂಟದ ತಾಲೂಕು ಪಂದ್ಯಗಳು ಬರುವುದು ಹೆಸರು, ಉದ್ದು, ಸೋಯಾ ರಾಶಿಯ ಹೊತ್ತಿಗೆ. ವೀರಭದ್ರೇಶ್ವರನ ಜಾತ್ರೆ ಬರುವುದು ಜನವರಿಯಲ್ಲಿ, ಕಬ್ಬು ಕಡಿಯುವ ದಿನಗಳಲ್ಲಿ. ಜಿಲ್ಲೆಯ ಪಂದ್ಯಕ್ಕೆಂದು ಬಸವಕಲ್ಯಾಣದ ಹುಡುಗಿಯೊಬ್ಬಳು ಬೀದರಿನ ನೆಹರೂ ಕ್ರೀಡಾಂಗಣಕ್ಕೆ ಹೋಗಬೇಕಾದರೆ ಒಂದು ದಿಕ್ಕಿಗೆ ಸುಮಾರು 80 ಕಿಲೋಮೀಟರು. ಅವಳ ದಿನದ ಕೂಲಿಯೂ ಹೋಯಿತು, ಜೊತೆಗೆ ಹೋದ ತಾಯಿಯದೂ ಹೋಯಿತು. ಯಾರ್ಕ್‌ಶೈರಿನ ಗಿರಣಿಯವನ ಕಷ್ಟ ಇದಕ್ಕಿಂತ ಬೇರೆಯೇ? ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದಲೂ ನಾವು ಕಂಡಿದ್ದೇವೆ: ಒಂಬತ್ತನೆಯ ಇಯತ್ತೆಯಲ್ಲಿ ಎಲ್ಲರಿಗಿಂತ ಮುಂದೆ ಓಡಿದ ಮಕ್ಕಳು ಎರಡು ವರುಷಕ್ಕೆ ಮೈದಾನದಲ್ಲಿರುವುದಿಲ್ಲ. ಓಟ ಮರೆತು ಹೋದವರಲ್ಲ. ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದವರು.

ಪ್ರತಿಭೆ ಇದ್ದವನು ಹೇಗಾದರೂ ಮೇಲೆ ಬರುತ್ತಾನೆ ಎಂಬ ಮಾತನ್ನು ನಾವು ಸುಳ್ಳೆಂದೇ ಕರೆಯುತ್ತೇವೆ. ಮೇಲೆ ಬಂದವನನ್ನು ಮಾತ್ರ ಎಣಿಸಿದರೆ ಎಲ್ಲರೂ ಮೇಲೆ ಬಂದಂತೆಯೇ ಕಾಣುತ್ತದೆ.

ಕಲ್ಯಾಣದ ಹೆಸರೆತ್ತಿ ಭಾಷಣ ಮಾಡುವವರಿಗೆ ಅಲ್ಲಿಯದೇ ಒಂದು ಕತೆ ನೆನಪಿಸಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಅದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಒಂದು ದಿನದ ಕಾಯಕಕ್ಕೆ ತಕ್ಕದ್ದು ಎಷ್ಟೆಂದು ಅಳೆದು ಹೇಳಿದ ಹೆಂಗಸು ಅವಳು. ಕುಸ್ತಿಯ ಹೆಸರಿನಲ್ಲಿ ಕೂಡಿದ ವರ್ಗಣಿಯಲ್ಲಿ ಪೆಂಡಾಲಿಗೆಷ್ಟು, ಪುಢಾರಿಗಳ ಶಾಲು ಹಾರಕ್ಕೆಷ್ಟು, ಮಣ್ಣಿನಲ್ಲಿ ಬಿದ್ದೆದ್ದವನಿಗೆಷ್ಟು ಎಂದು ಲಕ್ಕಮ್ಮನಂಥವಳು ಬಂದು ಕೇಳಿದರೆ ಎಷ್ಟು ಕಮಿಟಿಗಳು ಎದ್ದು ನಿಂತಾವು?

ಕೆಲವರು ಕೇಳಬಹುದು, ಆಟವೇನು ಕಾರಖಾನೆಯೇ? 1923ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿಯೇ, ಕೆಲಸದಲ್ಲಿ ಗಾಯಗೊಂಡವನಿಗೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾಯ್ದೆ ಈ ದೇಶದಲ್ಲಿ ಬಂತು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರರು, ಮಾಲೀಕನೂ ನೌಕರನೂ ಕೂಡಿ ಕ್ರಮಬದ್ಧವಾಗಿ ಸರಕನ್ನೋ ಸೇವೆಯನ್ನೋ ಒದಗಿಸಿದರೆ, ಲಾಭವಿರಲಿ ಇಲ್ಲದಿರಲಿ, ಅದು ಉದ್ಯಮವೇ ಎಂದು ಬರೆದರು; ಕ್ಲಬ್ಬುಗಳಿಗೂ ಅದನ್ನು ಅನ್ವಯಿಸಿದರು. ಆಮೇಲಿನ ಸರಕಾರಗಳು ಆ ವಿಶಾಲ ಅರ್ಥವನ್ನು ಕಿರಿದು ಮಾಡಲು ಹವಣಿಸಿದ್ದು ಬೇರೆ ಕತೆ. ಟಿಕೇಟು ಮಾರಿ, ಟೀವಿಗೆ ಮಾರಿ, ಅಂಗಿಯ ಮೇಲಿನ ಗೇಣು ಜಾಗವನ್ನೂ ಜಾಹೀರಾತಿಗೆ ಮಾರುವ ಲೀಗು ಉದ್ಯಮವಲ್ಲದೆ ಭಜನಾ ಮಂಡಳಿಯೇ?

ನಮ್ಮ ಬೇಡಿಕೆ ಆಕಾಶದ್ದೇನಲ್ಲ. ತಾಲೂಕು, ಜಿಲ್ಲೆಯ ಪಂದ್ಯಕ್ಕೆ ಆಯ್ಕೆಯಾದ ಯಾವ ಕೂಲಿಕಾರನಿಗೂ, ಹೆಣ್ಣಿರಲಿ ಗಂಡಿರಲಿ, ತಪ್ಪಿದ ಅಷ್ಟೂ ದಿನದ ಕೂಲಿಯನ್ನು ಸರಕಾರ ಗೊತ್ತುಮಾಡಿದ ಕನಿಷ್ಠ ದರದಲ್ಲಿ ಕೊಡಬೇಕು. ಬಸ್ಸಿನ ಖರ್ಚು ಬೇರೆ. ದುಡ್ಡಿಲ್ಲವೆಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರ ಮುಂಗಡಪತ್ರದಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದ್ದರು. ಕಮಾನು, ಕಾಂಪೌಂಡು ಗೋಡೆಗಳಿಗೆ ಸಿಗುವ ದುಡ್ಡು ಓಡುವ ಹುಡುಗಿಯ ಎರಡು ದಿನದ ಕೂಲಿಗೆ ಸಿಗದೇ? ಜಾತ್ರೆಯ ಕುಸ್ತಿಯಲ್ಲಿ ಕಣಕ್ಕಿಳಿಯುವ ಪ್ರತಿಯೊಬ್ಬ ಪೈಲವಾನನಿಗೂ, ತೆಂಗಿನಕಾಯಿಯ ಮೇಲೆ ಹಿಡಿಯುವ ಸಣ್ಣ ಹುಡುಗನಿಂದ ಬೆಳ್ಳಿ ಕಡಗದ ಕುಸ್ತಿಯವನ ತನಕ, ವರ್ಗಣಿಯಿಂದಲೇ ಮೊದಲು ವಿಮೆ ಮಾಡಿಸಬೇಕು, ಪೆಂಡಾಲು ಆಮೇಲೆ. ಮುಪ್ಪಾದ ಪೈಲವಾನರಿಗೆ ಸರಕಾರದ ಮಾಸಾಶನವಿದೆ. ನಡುವಯಸ್ಸಿನಲ್ಲಿ ಕೈಕಾಲು ಮುರಿದುಕೊಂಡವನು ಮುಪ್ಪಾಗುವ ತನಕ ಕಾಯುವುದು ಹೇಗೆ? ಇನ್ನು ನಮ್ಮ ಊರುಗಳ ಹೆಸರಿಟ್ಟುಕೊಂಡು ಲೀಗು ನಡೆಸುವ ಕಂಪನಿಗಳು ಹರಾಜೆಂಬ ಆ ಕೆಟ್ಟ ಪದ್ಧತಿಯನ್ನೇ ಕೈಬಿಟ್ಟು, ಆಟಗಾರರ ಸಂಘದೊಡನೆ ಕೂತು ಕರಾರು ಮಾಡಿಕೊಳ್ಳಬೇಕು. ಸಂಘವಿಲ್ಲದ ಕಡೆ ಸಂಘ ಕಟ್ಟುವುದು ನಮ್ಮ ಕೆಲಸ.

ಎರಡೂ ತಾಲೂಕುಗಳ ನಮ್ಮ ಶಾಖೆಗಳಿಗೆ ಒಂದು ಸೂಚನೆ. ಬರುವ ಜಾತ್ರೆಗಳಲ್ಲಿ ಪ್ರತಿ ಊರಿನ ಕಾರ್ಯಕರ್ತರು ಕಮಿಟಿಯ ಮುಂದೆ ಹೋಗಿ ಕೇಳಬೇಕು: ವರ್ಗಣಿ ಎಷ್ಟು ಕೂಡಿತು, ಆಡಿದವರಿಗೆ ಎಷ್ಟು ಹೋಯಿತು, ಗಾಯಗೊಂಡವರು ಎಷ್ಟು ಜನ, ಅವರ ಔಷಧದ ಖರ್ಚು ಯಾರು ಕೊಟ್ಟರು? ಉತ್ತರವನ್ನು ಕಾಗದದ ಮೇಲೆ ಬರೆದು ಪತ್ರಿಕೆಯ ಕಚೇರಿಗೆ ಕಳಿಸಿರಿ. ಲೆಕ್ಕ ಕೊಡಲು ಒಪ್ಪದ ಕಮಿಟಿ ಯಾವುದೆಂಬುದನ್ನೂ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.